ಮೃಗಶಿರ ಮಳೆಗೆ ಮೊದಲು: ಶೀಟಿನ ಮಾಡಿನ ಬಗ್ಗೆ ನಿಮ್ಮ ಪ್ರಶ್ನೆಗಳು

ಶೀಟಿನ ಮಾಡಿನ ಬಗ್ಗೆ ಏನಿದ್ದರೂ ಕೇಳಿ ಅಂತ ಹೋದ ತಿಂಗಳು ಬರೆದಿದ್ದೆ. ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಸೋರುವುದರ ಬಗ್ಗೆಯೇ ಇದ್ದವು. ಮಲೆನಾಡಿನವರಿಗೆ ಮಾಡು ಅಂದ ಕೂಡಲೇ ನೀರು ನೆನಪಾಗುತ್ತದೆ, ಅದು ಸಹಜವೇ. ಆದರೆ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆ 27 ವರ್ಷ ಶೀಟು ಹೊದಿಸಿದ ಮೇಲೆ ನನಗೆ ನೀರಿನ ಭಯ ಅಷ್ಟಿಲ್ಲ. ಸೋರಿದರೆ ಕೆಳಗೊಂದು ಬಕೆಟ್ ಇಡಬಹುದು. ಹಾರಿಹೋಗುವ ಶೀಟು, ಜಾರಿ ಬೀಳುವ ಮನುಷ್ಯ, ಈ ಎರಡರ ಭಯ ಮಾತ್ರ ಇವತ್ತಿಗೂ ಹೋಗಿಲ್ಲ. ಅದಕ್ಕೇ ಸೋರುವ ಪ್ರಶ್ನೆಗಳಿಗೆ ಸ್ವಲ್ಪ ಜಾಗ, ಉಳಿದವಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮದು 30/40ರ ಆರ್‌ಸಿಸಿ ಮನೆ, ಗುಡ್ಡದ ಮೇಲಿದೆ. ತಾರಸಿ ಸೋರುತ್ತದೆ ಅಂತ ಮೇಲೆ ಶೀಟು ಹಾಕಿಸುತ್ತಿದ್ದೇವೆ. ಪ್ಯಾರಾಪೆಟ್ ಗೋಡೆಯ ಮೇಲೇ ಪೈಪು ನಿಲ್ಲಿಸುತ್ತೇವೆ, ಕಬ್ಬಿಣದ ಭಾರಕ್ಕೆ ಅದು ಅಲ್ಲಾಡುವುದಿಲ್ಲ ಅಂತ ವೆಲ್ಡಿಂಗಿನವರು ಹೇಳುತ್ತಾರೆ. ಹೋದ ವರ್ಷ ಆಷಾಢದ ಗಾಳಿಗೆ ಪಕ್ಕದ ಮನೆಯ ಶೀಟು ಪೈಪಿನ ಸಮೇತ ಎದ್ದು ತೋಟದಲ್ಲಿ ಬಿದ್ದಿತ್ತು. ನಾವು ಏನೇನು ನೋಡಿಕೊಳ್ಳಬೇಕು?
(ಶೃಂಗೇರಿ ಹತ್ತಿರದ ಓದುಗರು)

ಉತ್ತರ: ಆ ಪ್ಯಾರಾಪೆಟ್ ಕೆಲಸವನ್ನು ಇವತ್ತೇ ನಿಲ್ಲಿಸಿ. ಯಾಕೆ ಅಂತ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ.

ಹಂಚಿನ ಮಾಡು ಕೂರುವುದು ತನ್ನ ಭಾರದ ಮೇಲೆ. ಅದಕ್ಕೇ ನಮ್ಮ ಅಜ್ಜಂದಿರು ಕಂಬ, ಜಂತೆ ಎಷ್ಟು ಭಾರ ಹೊರುತ್ತವೆ ಅಂತ ನೋಡುತ್ತಿದ್ದರು. ಶೀಟಿಗೆ ಭಾರವೇ ಇಲ್ಲ. ಅರ್ಧ ಎಂಎಂ ಶೀಟು ಚದರಡಿಗೆ ಸುಮಾರು 400 ಗ್ರಾಂ ತೂಗುತ್ತದೆ, ಅಷ್ಟೇ. ಗಾಳಿಗೆ ನಮ್ಮ ದೇಶದಲ್ಲಿ ಐಎಸ್ 875 ಅಂತ ಒಂದು ಮಾನದಂಡ ಇದೆ. ಅದರ ಮೂರನೇ ಭಾಗದಲ್ಲಿ ಯಾವ ಊರಿಗೆ ಎಷ್ಟು ಗಾಳಿ ಹಿಡಿಯಬೇಕು ಅಂತ ಕೊಟ್ಟಿದ್ದಾರೆ. ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್. ಕಡಿಮೆಯ ಲೆಕ್ಕವನ್ನೇ ಹಿಡಿಯೋಣ. 33 ಮೀಟರ್ ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ಆ ಗಾಳಿಯ ಒತ್ತಡ ಚದರಡಿಗೆ 6 ಕೆ.ಜಿ.ಗೂ ಮೇಲೆ. ನಿಮ್ಮ 1200 ಚದರಡಿಗೆ ಲೆಕ್ಕ ಹಾಕಿದರೆ ಏಳು ಟನ್ ದಾಟುತ್ತದೆ. ಶೀಟಿನ ತೂಕ ಎಲ್ಲಾ ಸೇರಿ ಅರ್ಧ ಟನ್. ಪೈಪಿನದೂ ಸೇರಿಸಿಕೊಳ್ಳಿ, ಆದರೂ ಎಲ್ಲಿಯ ಏಳು ಟನ್, ಎಲ್ಲಿಯ ಇದು?

ನಿಮ್ಮದು ಗುಡ್ಡದ ಮೇಲಿನ ಮನೆ ಬೇರೆ. ಗಾಳಿ ಗುಡ್ಡ ಏರುವಾಗ ಜೋರಾಗುತ್ತದೆ. ಅದಕ್ಕೇ ಆ ಮಾನದಂಡದಲ್ಲೂ ಗುಡ್ಡದ ಮನೆಗೆ ಲೆಕ್ಕ ಹೆಚ್ಚು ಮಾಡಿಕೊಳ್ಳಬೇಕು ಅಂತಿದೆ. ತಾರಸಿ ಶೀಟಿಗೆ ಸುತ್ತ ಗೋಡೆ ಇರುವುದಿಲ್ಲ. ಮೇಲಿಂದ ಗಾಳಿ ಎಳೆಯುತ್ತದೆ, ಕೆಳಗೆ ನುಗ್ಗಿದ ಗಾಳಿ ತಳ್ಳುತ್ತದೆ. ಬಟ್ಟೆ ಒಣಗಿಸಲು ಅನುಕೂಲ ಅಂತ ಕೆಲವರು ಮೂಡಣ ಬದಿಯನ್ನು ಮಾತ್ರ ಮುಚ್ಚಿಸುತ್ತಾರೆ. ಪಡುವಣದಿಂದ ಬಂದ ಗಾಳಿ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಗೋಣಿಚೀಲಕ್ಕೆ ಗಾಳಿ ತುಂಬಿದ ಹಾಗೆ. ಮುಚ್ಚುವುದಾದರೆ ಗಾಳಿ ಬರುವ ಬದಿಯನ್ನೂ ಮುಚ್ಚಿ, ಇಲ್ಲದಿದ್ದರೆ ಎರಡೂ ಬದಿ ತೆರೆದಿರಲಿ.

ಈಗ ಕಂಬದ ಮಾತು. ಹನ್ನೆರಡು ಕಂಬ ಅಂತ ಇಟ್ಟುಕೊಂಡರೆ ಒಂದೊಂದನ್ನೂ ಆರು ನೂರು ಕೆ.ಜಿ.ಯಷ್ಟು ಬಲ ಮೇಲಕ್ಕೆ ಕೀಳುತ್ತದೆ. ಮೂಲೆಯ ಕಂಬಗಳನ್ನು ಇನ್ನೂ ಜಾಸ್ತಿ. ನಾಲ್ಕಿಂಚಿನ ಇಟ್ಟಿಗೆ ಗೋಡೆ ಅದನ್ನು ಹಿಡಿದುಕೊಳ್ಳುವುದಿಲ್ಲ. ಗಾರೆ ಬಿಟ್ಟು ಮೇಲಿನ ಎರಡು ವರಸೆ ಇಟ್ಟಿಗೆ ಪೈಪಿನ ಜೊತೆಗೇ ಹೋಗುತ್ತದೆ. ಪಕ್ಕದ ಮನೆಯವರ ಪೈಪಿನ ಬುಡ ಒಮ್ಮೆ ನೋಡಿ ಬನ್ನಿ. ಇಟ್ಟಿಗೆ ಚೂರು ಇನ್ನೂ ಅಂಟಿಕೊಂಡಿದ್ದರೆ ಅಲ್ಲಿ ಏನಾಯಿತು ಅಂತ ಗೊತ್ತಾಗುತ್ತದೆ.

ಕಂಬ ನಿಲ್ಲಬೇಕಾದದ್ದು ಮನೆಯ ಕಾಲಂ ಅಥವಾ ಬೀಮಿನ ಮೇಲೆ. ಮನೆ ಕಟ್ಟುವಾಗ ಕಾಲಂ ಕಂಬಿ ಮೇಲೆ ಬಿಟ್ಟಿದ್ದರೆ ನೀವು ಪುಣ್ಯವಂತರು. ಅದಕ್ಕೆ ಕಂಬಿ ಕಟ್ಟಿ ಅರ್ಧ ಅಡಿ ಕಾಂಕ್ರೀಟ್ ಪೀಠ ಮಾಡಿ, ಬೋಲ್ಟನ್ನು ಅದರೊಳಗೇ ಹಾಕಿ ಎರಕ ಹೊಯ್ಯಿಸಿ. ಕಂಬಿ ಇಲ್ಲದಿದ್ದರೆ ಬೀಮಿನ ನೇರಕ್ಕೆ ತೂತು ಹೊಡೆದು, ಒಂದು ಬೇಸ್ ಪ್ಲೇಟಿಗೆ 12 ಎಂಎಂನ ನಾಲ್ಕು ಆಂಕರ್ ಬೋಲ್ಟ್ ಹಾಕಿಸಿ. ಕಾಂಕ್ರೀಟಿನ ಅಂಚಿಗೆ ತೀರಾ ಹತ್ತಿರ ತೂತು ಬೇಡ, ಅಂಚೇ ಸಿಡಿದು ಬರುತ್ತದೆ. ತೂತಿನ ಪುಡಿಯನ್ನು ಪಂಪಿನಿಂದ ಊದಿ ತೆಗೆಯದೆ ಬೋಲ್ಟ್ ಹಾಕಿದರೆ ಹಿಡಿತ ಅರ್ಧಕ್ಕರ್ಧ ಹೋಯಿತು ಅಂತಲೇ ತಿಳಿಯಿರಿ. ನನ್ನ ಹುಡುಗರು ತಪ್ಪುವುದು ಇಲ್ಲೇ, ಅದಕ್ಕೇ ಪಂಪು ನನ್ನ ಕೈಯಲ್ಲೇ ಇರುತ್ತದೆ. ಗುಡ್ಡದ ಮನೆಯಾದ್ದರಿಂದ ಕಂಬ, ಬೋಲ್ಟಿನ ಲೆಕ್ಕವನ್ನು ಒಬ್ಬ ಎಂಜಿನಿಯರಿಗೆ ತೋರಿಸಿ. ಅದಕ್ಕೆ ಕೊಡುವ ದುಡ್ಡು ಶೀಟಿನ ಖರ್ಚಿನ ಮುಂದೆ ಏನೂ ಅಲ್ಲ.

ಅಲ್ಲಿಂದ ಮೇಲಕ್ಕೆ ಒಂದೊಂದು ಕೀಲನ್ನೂ ನೋಡುತ್ತಾ ಹೋಗಿ. ಕಂಬಕ್ಕೆ ಟ್ರಸ್ (ಮಾಡನ್ನು ಹೊರುವ ಕಬ್ಬಿಣದ ಚೌಕಟ್ಟು), ಟ್ರಸ್ಸಿಗೆ ಪರ್ಲಿನ್ (ಶೀಟು ಕೂರುವ ಅಡ್ಡ ಪೈಪು), ಪರ್ಲಿನ್ನಿಗೆ ಶೀಟು. ಇದರಲ್ಲಿ ಒಂದು ಕಡೆ ಸಡಿಲ ಇದ್ದರೆ ಗಾಳಿ ಅದನ್ನೇ ಹುಡುಕಿಕೊಂಡು ಬರುತ್ತದೆ. ಪರ್ಲಿನ್ನಿಗೆ ಒಂದೊಂದು ಟ್ಯಾಕ್ (ಚುಕ್ಕಿಯಷ್ಟು ವೆಲ್ಡ್) ಹೊಡೆದು ಬಿಡುವ ಅಭ್ಯಾಸ ನಮ್ಮಲ್ಲಿ ಬಹಳ. ಎರಡೂ ಬದಿ ಪೂರ್ತಿ ವೆಲ್ಡ್ ಮಾಡಿಸಿ, ಕಪ್ಪು ಪದರ ತಟ್ಟಿ ತೆಗೆಸಿ, ರೆಡ್ ಆಕ್ಸೈಡ್ ಹೊಡೆಸಿ. ಪರ್ಲಿನ್ ಪೈಪಿನ ದಪ್ಪ 2 ಎಂಎಂಗೆ ಕಡಿಮೆ ಬೇಡ, ತೆಳ್ಳಗಿನ ಪೈಪಿನಲ್ಲಿ ಸ್ಕ್ರೂವಿನ ಸುತ್ತುಗಳಿಗೆ ಹಿಡಿತವೇ ಸಿಗುವುದಿಲ್ಲ. ಪರ್ಲಿನ್ನಿನ ಅಂತರ ನಡುವೆ ನಾಲ್ಕಡಿ ಮೀರಬಾರದು. ಸೂರಿನ ಹತ್ತಿರ, ನೆತ್ತಿಯ ಹತ್ತಿರ ಮೂರಡಿ ಒಳಗಿರಲಿ. ಸ್ಕ್ರೂ ನಡುವೆ ಒಂದು ಉಬ್ಬು ಬಿಟ್ಟು ಒಂದಕ್ಕೆ ಸಾಕು. ಆದರೆ ಸೂರು, ನೆತ್ತಿ, ಎರಡು ಬದಿಯ ಅಂಚು, ಈ ನಾಲ್ಕು ಕಡೆ ಪ್ರತಿ ಉಬ್ಬಿಗೂ ಸ್ಕ್ರೂ ಬೇಕೇಬೇಕು. ಗಾಳಿ ಯಾವತ್ತೂ ಅಂಚಿನಿಂದಲೇ ಬಿಚ್ಚಲು ಶುರು ಮಾಡುತ್ತದೆ. ಸೂರಿನ ಸಾಲಿನಲ್ಲಿ ಇಪ್ಪತ್ತು ಸ್ಕ್ರೂ ಉಳಿಸುವುದರಿಂದ ನೂರು ರೂಪಾಯಿಯೂ ಉಳಿಯುವುದಿಲ್ಲ.

ಪ್ರಶ್ನೆ: ಶೀಟು ಹಾಕಿಸಿ ಮೂರು ವರ್ಷ. ಸ್ಕ್ರೂ ಇರುವ ಕಡೆಯೆಲ್ಲಾ ಹನಿ ಹನಿ ಸೋರುತ್ತದೆ. ಒಬ್ಬರು ಮೇಲೆ ಟಾರು ಬಳಿದರು, ಇನ್ನೊಬ್ಬರು ಸಿಲಿಕಾನ್ ಹಚ್ಚಿದರು. ಒಂದೇ ಮಳೆಗಾಲಕ್ಕೆ ಎಲ್ಲಾ ಎದ್ದು ಬಂತು.
(ಹೊಸನಗರದ ಓದುಗರು)

ಉತ್ತರ: ತಪ್ಪಿರುವುದು ಸ್ಕ್ರೂ ಕೆಳಗಿನ ವಾಶರಿನಲ್ಲಿ. ಅದನ್ನು ಬಿಟ್ಟು ಮೇಲೆ ಏನು ಬಳಿದರೂ ನಿಲ್ಲುವುದಿಲ್ಲ.

ಬಿಸಿಲಿರುವ ದಿನ ಮಾಡಿನ ಅಂಚಿಗೆ ಏಣಿ ಇಟ್ಟು, ಏಣಿಯಲ್ಲೇ ನಿಂತು, ಕೈಗೆ ಸಿಗುವ ನಾಲ್ಕು ಸ್ಕ್ರೂಗಳನ್ನು ಹತ್ತಿರದಿಂದ ನೋಡಿ. ಸ್ಕ್ರೂ ತಲೆಯ ಕೆಳಗೆ ಒಂದು ತಗಡಿನ ಟೋಪಿ, ಅದರ ಕೆಳಗೆ ಕಪ್ಪು ರಬ್ಬರು ಇರುತ್ತದೆ. ಸರಿಯಾಗಿ ಬಿಗಿದಿದ್ದರೆ ಟೋಪಿಯ ಸುತ್ತ ರಬ್ಬರು ದಾರದಷ್ಟು ಮಾತ್ರ ಇಣುಕುತ್ತದೆ. ಟೋಪಿ ಶೀಟಿಗೆ ಸಮವಾಗಿ ಕೂತಿರುತ್ತದೆ. ಜಾಸ್ತಿ ಬಿಗಿದಿದ್ದರೆ ಟೋಪಿ ತಟ್ಟೆಯ ಹಾಗೆ ಮೇಲಕ್ಕೆ ಮಗುಚಿಕೊಂಡಿರುತ್ತದೆ, ರಬ್ಬರು ಹೊರಗೆ ಚೆಲ್ಲಿ ಸೀಳಿರುತ್ತದೆ, ಶೀಟಿನ ಉಬ್ಬು ಒಳಗೆ ಕುಸಿದು ಚಿಕ್ಕ ಬಟ್ಟಲಿನ ಹಾಗಾಗಿರುತ್ತದೆ. ಆ ಬಟ್ಟಲಿನಲ್ಲಿ ನೀರು ನಿಲ್ಲುತ್ತದೆ. ಸ್ಕ್ರೂ ಓರೆಯಾಗಿ ಹೋಗಿದ್ದರೆ ಟೋಪಿ ಒಂದು ಬದಿ ಒತ್ತಿ, ಇನ್ನೊಂದು ಬದಿ ಎದ್ದು ನಿಂತಿರುತ್ತದೆ. ನಿಮ್ಮಲ್ಲಿ ಇವು ಮೂರೂ ಇರುತ್ತವೆ ಅಂತ ನನ್ನ ಅಂದಾಜು. ಸಂಜೆ ಒಳಗೆ ಮುಗಿಸಬೇಕು ಅಂತ ಇಂಪ್ಯಾಕ್ಟ್ ಮಶಿನ್ ಹಿಡಿದು ಟರ್ ಟರ್ ಅನ್ನಿಸಿದರೆ ಹೀಗೇ ಆಗುವುದು. ಬಿಗಿ ಎಷ್ಟು ಬಂದಾಗ ನಿಲ್ಲಬೇಕು ಅಂತ ಹೊಂದಿಸಿಕೊಳ್ಳಲು ಬರುವ ಸ್ಕ್ರೂ ಗನ್ ಬೇಕು, ನೇರ ಹಿಡಿಯುವ ಕೈ ಬೇಕು.

ರಬ್ಬರು ಇಪಿಡಿಎಂ ಅನ್ನುವ, ಬಿಸಿಲು ಮಳೆ ತಡೆಯುವ ಜಾತಿಯದ್ದಾಗಿರಬೇಕು. ಅಂಗಡಿಯಲ್ಲೇ ಉಗುರಿನಿಂದ ಒತ್ತಿ ನೋಡಿ. ಕೂಡಲೇ ಮೊದಲಿನ ಹಾಗಾದರೆ ಒಳ್ಳೆಯದು. ಉಗುರಿನ ಗುರುತು ಹಾಗೇ ಉಳಿದರೆ ಅದು ಪ್ಲಾಸ್ಟಿಕ್ ಜಾತಿ, ಎರಡು ಬೇಸಿಗೆಗೆ ಬಿರುಕು ಬಿಡುತ್ತದೆ.

ಈಗ ಮಾಡಬೇಕಾದದ್ದು: ಕೆಟ್ಟ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿಸಿ, ಅದೇ ತೂತಿಗೆ ಒಂದು ನಂಬರ್ ದಪ್ಪದ ಹೊಸ ಸ್ಕ್ರೂ, ಹೊಸ ವಾಶರ್ ಹಾಕಿಸಿ. 12 ನಂಬರ್ ಇದ್ದ ಕಡೆ 14. ಎಲ್ಲವನ್ನೂ ಒಟ್ಟಿಗೆ ಬಿಚ್ಚಬೇಡಿ, ನಡುವೆ ಗಾಳಿ ಬಂದರೆ ಕಷ್ಟ. ಪರ್ಲಿನ್ ತಪ್ಪಿ ಸುಮ್ನೆ ಹೊಡೆದ ತೂತುಗಳೂ ಇರುತ್ತವೆ. ಅವಕ್ಕೆ ಬ್ಯೂಟೈಲ್ ಟೇಪ್ ಇಟ್ಟು ಮೇಲೊಂದು ತಗಡಿನ ಚೂರು ರಿವೆಟ್ ಮಾಡಿಸಿ. ಸಿಲಿಕಾನ್ ಬೇಕೇ ಬೇಕಾದರೆ ನ್ಯೂಟ್ರಲ್ ಅಂತ ಬರೆದಿರುವುದನ್ನು ಕೇಳಿ ತನ್ನಿ. ವಿನಿಗರ್ ಹಾಗೆ ಹುಳಿ ವಾಸನೆ ಹೊಡೆಯುವ ಸಿಲಿಕಾನ್ ಜಿಂಕನ್ನೇ ತಿನ್ನುತ್ತದೆ. ಬಹುಶಃ ನಿಮಗೆ ಹಚ್ಚಿದ್ದು ಅದೇ.

ಇನ್ನೊಂದು ಮಾತು. ಹೊಸ ಸ್ಕ್ರೂ ಹಾಕಿದ ದಿನವೇ ಮೆತ್ತನೆಯ ಪೊರಕೆಯಿಂದ ಮಾಡು ಗುಡಿಸಿಸಿ. ಕೊರೆದಾಗ ಉದುರುವ ಕಬ್ಬಿಣದ ಚೂರು ಒಂದೇ ಇಬ್ಬನಿಗೆ ತುಕ್ಕು ಹಿಡಿದು ಶೀಟಿನ ಬಣ್ಣದ ಮೇಲೆ ಕೂತುಬಿಡುತ್ತದೆ. ಗ್ರೈಂಡರಿನಿಂದ ಶೀಟು ಕತ್ತರಿಸಿದರೂ ಇದೇ ಪಾಡು, ಕಿಡಿ ಬಿದ್ದ ಕಡೆಯೆಲ್ಲಾ ಬಣ್ಣ ಸುಡುತ್ತದೆ, ಅಂಚಿನ ಜಿಂಕೂ ಸುಡುತ್ತದೆ. ತಗಡು ಕತ್ತರಿಯಿಂದಲೇ ಕತ್ತರಿಸಿಸಿ, ತಡವಾದರೂ ಪರವಾಗಿಲ್ಲ.

ಪ್ರಶ್ನೆ: ಶೀಟನ್ನು ಯಾವ ಬದಿಯಿಂದ ಹೊದಿಸುತ್ತಾ ಬರಬೇಕು?
(ಕೊಪ್ಪದ ಓದುಗರು)

ಉತ್ತರ: ಮಳೆಗಾಳಿ ಬರುವ ಬದಿಯನ್ನು ಕೊನೆಗೆ ಇಟ್ಟುಕೊಳ್ಳಿ. ನಮ್ಮ ಕಡೆ ಮುಂಗಾರು ಗಾಳಿ ಪಡುವಣ, ನೈರುತ್ಯದಿಂದ. ನೆತ್ತಿ ಪೂರ್ವ ಪಶ್ಚಿಮವಾಗಿದ್ದರೆ ಪೂರ್ವದ ತುದಿಯಿಂದ ಶುರು ಮಾಡಿ ಪಶ್ಚಿಮಕ್ಕೆ ಬನ್ನಿ. ಉತ್ತರ ದಕ್ಷಿಣವಾಗಿದ್ದರೆ ಉತ್ತರದ ತುದಿಯಿಂದ ದಕ್ಷಿಣಕ್ಕೆ. ಹಾಗೆ ಮಾಡಿದರೆ ಮೇಲಿನ ಶೀಟಿನ ಅಂಚು ಗಾಳಿಗೆ ಬೆನ್ನು ಹಾಕಿರುತ್ತದೆ, ಎರಚಲು ಸಂದಿಗೆ ನುಗ್ಗುವುದಿಲ್ಲ. ಆಗುಂಬೆ ಸುತ್ತಮುತ್ತ ವರ್ಷಕ್ಕೆ 7000 ಮಿ.ಮೀ.ಗೂ ಮೇಲೆ ಮಳೆ ಬೀಳುತ್ತದೆ. ಅಲ್ಲಿ ಮಳೆ ಮೇಲಿಂದ ಬೀಳುವುದಕ್ಕಿಂತ ಅಡ್ಡ ಬರುವುದೇ ಜಾಸ್ತಿ. ಸಾಧ್ಯವಾದರೆ ನೆತ್ತಿಯಿಂದ ಸೂರಿನವರೆಗೆ ಒಂದೇ ಉದ್ದದ ಶೀಟು ಹೇಳಿ ಮಾಡಿಸಿ. ನಡುವೆ ಜೋಡಿಸಲೇಬೇಕಾದರೆ ಒಂದರ ಮೇಲೊಂದು ಒಂಬತ್ತು ಇಂಚಾದರೂ ಕೂರಲಿ.

ಪ್ರಶ್ನೆ: ಅಂಗಡಿಯಲ್ಲಿ 0.50 ಅಂತ ಕೊಟ್ಟ ಶೀಟನ್ನು ಅಳೆದರೆ ಕಬ್ಬಿಣ ಅಷ್ಟಿಲ್ಲ ಅನ್ನುತ್ತಾರೆ. ಮೋಸವೇ?
(ಸಾಗರದ ಓದುಗರು)

ಉತ್ತರ: ಮೋಸ ಇರಲೇಬೇಕು ಅಂತಿಲ್ಲ. 0.50 ಅನ್ನುವುದು ಬಣ್ಣ, ಜಿಂಕ್ ಲೇಪ ಎಲ್ಲಾ ಸೇರಿದ ದಪ್ಪ. 150 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಲೇಪದ ಗ್ಯಾಲ್ವಾಲ್ಯೂಮ್ (ಜಿಂಕ್, ಅಲ್ಯೂಮಿನಿಯಂ ಬೆರೆಸಿದ ಲೇಪದ ಶೀಟು) ಆದರೆ ಎರಡೂ ಬದಿಯ ಲೇಪವೇ ಸುಮಾರು 0.04 ಎಂಎಂ. ಬಣ್ಣದ್ದೂ ಹೆಚ್ಚುಕಡಿಮೆ ಅಷ್ಟೇ. ಒಳಗಿನ ಕಬ್ಬಿಣ 0.43ರ ಆಸುಪಾಸು ಉಳಿಯುತ್ತದೆ. ಅದಕ್ಕೇ ಕೇಳುವಾಗ ಎರಡು ಪ್ರಶ್ನೆ ಕೇಳಿ: ಬರೀ ಕಬ್ಬಿಣ ಎಷ್ಟು, ಲೇಪ ಎಷ್ಟು ಜಿಎಸ್‌ಎಂ. ಎರಡನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಬೇರೆ ಅಂಗಡಿ ನೋಡಿ.

ಪ್ರಶ್ನೆ: ಅಣ್ಣಾ, ನಮ್ಮ ಕೊಟ್ಟಿಗೆಗೆ ಮೂವತ್ತು ವರ್ಷದ ಹಳೇ ಸಿಮೆಂಟ್ ಶೀಟಿದೆ. ಅದನ್ನು ತೆಗೆದು ಕಬ್ಬಿಣದ ಶೀಟು ಹಾಕಬೇಕು. ಆಳು ಸಿಗುವುದಿಲ್ಲ ಅಂತ ನಮ್ಮ ಯಜಮಾನರು, ಮಗ ಇಬ್ಬರೇ ಹತ್ತುತ್ತೇವೆ ಅನ್ನುತ್ತಿದ್ದಾರೆ. ಕೊಟ್ಟಿಗೆ ಅಲ್ವಾ, ಏನು ಮಹಾ ಎತ್ತರ ಅನ್ನುತ್ತಾರೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ನೀವಾದರೂ ಹೇಳಿ.
(ತೀರ್ಥಹಳ್ಳಿ ತಾಲೂಕಿನ ಓದುಗರು)

ಉತ್ತರ: ಅಕ್ಕಾ, ನಿಮ್ಮ ಭಯ ಸರಿಯಾಗಿಯೇ ಇದೆ. ಈ ಉತ್ತರವನ್ನು ಭಾವನವರ ಕೈಗೆ ಕೊಟ್ಟು ಓದಿಸಿ.

2011ರ ಮೇ ತಿಂಗಳು. ಅಡಿಕೆ ಒಣಗಿಸುವ ಶೆಡ್ಡಿಗೆ ಶೀಟು ಹಾಕುತ್ತಿದ್ದೆವು. ಬೆಳಕು ಬರಲಿ ಅಂತ ನಡುನಡುವೆ ಫೈಬರ್ ಶೀಟು ಹಾಕಿತ್ತು. ಮಧ್ಯಾಹ್ನ ಊಟಕ್ಕೆ ಇಳಿಯುವ ಹೊತ್ತು. ನನ್ನ ತಮ್ಮ ಸೇಫ್ಟಿ ಬೆಲ್ಟ್ ಬಿಚ್ಚಿ ನೆತ್ತಿಯ ಮೇಲಿಟ್ಟಿದ್ದ. ನೆತ್ತಿಯಲ್ಲಿ ನಾಲ್ಕು ಸ್ಕ್ರೂ ಬಾಕಿ ಇತ್ತು. "ನಾಲ್ಕೇ ಅಲ್ವಾ, ಹೊಡೆದು ಬಾ" ಅಂತ ಕೆಳಗಿನಿಂದ ಕೂಗಿದವನು ನಾನು. ಧೂಳು ಕೂತು ಫೈಬರ್ ಶೀಟೂ ಕಬ್ಬಿಣದ ಶೀಟೂ ಒಂದೇ ಬಣ್ಣ ಕಾಣುತ್ತಿತ್ತು. ಅವನು ಕಾಲಿಟ್ಟದ್ದು ಫೈಬರಿನ ಮೇಲೆ. ಹದಿನಾಲ್ಕು ಅಡಿ ಕೆಳಗೆ ಸಿಮೆಂಟ್ ಅಂಗಳ. ಸೊಂಟದ ಮೂಳೆ ಎರಡು ಕಡೆ ಮುರಿಯಿತು. ಎಂಟು ತಿಂಗಳು ಹಾಸಿಗೆಯಲ್ಲಿದ್ದ. ಜೀವ ಉಳಿಯಿತು. ಈಗ ಶೆಡ್ಡಿನಲ್ಲಿ ಕೂತು ಲೆಕ್ಕ ಬರೆಯುತ್ತಾನೆ, ಏಣಿ ಹತ್ತುವುದಿಲ್ಲ. ಆ ನಾಲ್ಕು ಸ್ಕ್ರೂ ಊಟ ಆದ ಮೇಲೂ ಹೊಡೆಯಬಹುದಿತ್ತು.

ಹಳೇ ಸಿಮೆಂಟ್ ಶೀಟು ಫೈಬರಿಗಿಂತ ಕೆಟ್ಟದ್ದು. ಮೇಲೆ ಪಾಚಿ, ಒಳಗೆ ಕೂದಲೆಳೆಯ ಬಿರುಕು. ಕಾಲಿಡುವವರೆಗೂ ಗಟ್ಟಿ ಇದ್ದ ಹಾಗೇ ಕಾಣುತ್ತದೆ, ಕಾಲಿಟ್ಟ ಮೇಲೆ ಗೊತ್ತಾಗಲು ಹೊತ್ತೇ ಇರುವುದಿಲ್ಲ. ಅದರ ಮೇಲೆ ಯಾರೂ ಕಾಲಿಡಬಾರದು. ಬೋಲ್ಟಿನ ಸಾಲಿನ ಮೇಲೆ ನಡೆದರೆ ಏನಾಗಲ್ಲ ಅನ್ನುವವರ ಮಾತೂ ಕೇಳಬೇಡಿ. ಕೊಟ್ಟಿಗೆ ತಗ್ಗು ಇರುವುದು ಇಲ್ಲಿ ನಿಮಗೆ ಅನುಕೂಲವೇ. ದನಗಳನ್ನು ಎರಡು ದಿನ ಬೇರೆ ಕಡೆ ಕಟ್ಟಿ, ಒಳಗೆ ಗಟ್ಟಿಯಾದ ಅಟ್ಟಣೆ ಕಟ್ಟಿಸಿ, ಕೆಳಗಿನಿಂದಲೇ ಬೋಲ್ಟ್ ಬಿಚ್ಚಿ ಶೀಟನ್ನು ಇಬ್ಬರು ಕೈಯಿಂದ ಇಳಿಸಬಹುದು.

ಆ ಸಿಮೆಂಟ್ ಶೀಟಿನಲ್ಲಿ ಕಲ್ನಾರು ಇರುತ್ತದೆ. ಒಡೆದರೆ, ಉಜ್ಜಿದರೆ ಕಣ್ಣಿಗೆ ಕಾಣದ ನಾರು ಗಾಳಿಗೆ ಬರುತ್ತದೆ. ಎದೆಯೊಳಗೆ ಹೋದದ್ದು ಅಲ್ಲೇ ಉಳಿದು, ಇಪ್ಪತ್ತು ಮೂವತ್ತು ವರ್ಷದ ಮೇಲೆ ರೋಗವಾಗಿ ಕಾಣಿಸಿಕೊಳ್ಳುತ್ತದೆ. ನಿಮ್ಮ ಮಗನಿಗೆ ಈಗ ಇಪ್ಪತ್ತೈದು ಅಂತ ಇಟ್ಟುಕೊಂಡು ಯೋಚನೆ ಮಾಡಿ. ತೆಗೆಯುವ ಮೊದಲು ಸ್ವಲ್ಪ ಸೋಪು ಬೆರೆಸಿದ ನೀರನ್ನು ಸ್ಪ್ರೇ ಮಾಡಿ ಪೂರ್ತಿ ನೆನೆಸಿ. ತುಕ್ಕು ಹಿಡಿದ ಬೋಲ್ಟನ್ನು ಕೈಗರಗಸದಿಂದ ಕತ್ತರಿಸಿ, ಶೀಟಿಗೆ ಸುತ್ತಿಗೆ ತಾಗಿಸಬೇಡಿ, ಮಶಿನ್ ಹಚ್ಚಬೇಡಿ. ಮೂಗಿಗೆ ಟವೆಲು ಕಟ್ಟಿದರೆ ಸಾಲದು, ಪಿ100 ಫಿಲ್ಟರಿನ ಮಾಸ್ಕ್ ಬೇಕು. ಚೂರು ಬಿದ್ದಿದ್ದರೆ ಒಣ ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಶೀಟನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ. ಒಡೆದು ತೋಟದ ದಾರಿಗೆ ಹಾಕುವ ರೂಢಿ ನಮ್ಮಲ್ಲಿದೆ, ದಯವಿಟ್ಟು ಅದು ಬೇಡ.

ಹೊಸ ಶೀಟು ಹಾಕುವಾಗ ಮೇಲೆ ಹತ್ತಲೇಬೇಕು. ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟ್ ಬೇಡ, ಬಿದ್ದಾಗ ಅದೇ ಬೆನ್ನು ಮುರಿಯುತ್ತದೆ. ತೊಡೆ, ಹೆಗಲು ಎರಡನ್ನೂ ಹಿಡಿಯುವ, ಬೆನ್ನ ಹಿಂದೆ ಕೊಂಡಿ ಇರುವ ಬೆಲ್ಟ್ ತನ್ನಿ. ಅದರ ಮೇಲೆ ಐಎಸ್ 3521 ಅಂತ ಇರಬೇಕು. ಹಗ್ಗವನ್ನು ಟ್ರಸ್ಸಿಗೆ, ಕಾಂಕ್ರೀಟ್ ಕಂಬಕ್ಕೆ ಕಟ್ಟಿ. ನೀರಿನ ಟ್ಯಾಂಕಿನ ಪೈಪಿಗೆ, ಇನ್ನೂ ವೆಲ್ಡ್ ಆಗದ ಪರ್ಲಿನ್ನಿಗೆ ಬೇಡ. ಹಗ್ಗ ಎಷ್ಟು ಗಿಡ್ಡ ಇರಬೇಕು ಅಂದರೆ, ಮನುಷ್ಯ ಸೂರಿನ ಅಂಚನ್ನು ದಾಟಬಾರದು. ಕೊಟ್ಟಿಗೆಯಂಥ ತಗ್ಗು ಮಾಡಿನಲ್ಲಿ ಹಗ್ಗ ಉದ್ದ ಬಿಟ್ಟರೆ ಅದು ಬಿಗಿಯಾಗುವ ಮೊದಲೇ ನೆಲ ಸಿಗುತ್ತದೆ. ಏಣಿಯ ಬುಡ, ನಾಲ್ಕಡಿ ಎತ್ತರಕ್ಕೆ ಒಂದಡಿಯಂತೆ ಗೋಡೆಯಿಂದ ದೂರ ಇರಲಿ, ತುದಿ ಸೂರಿಗಿಂತ ಮೂರಡಿ ಮೇಲೆ ಬರಲಿ, ತುದಿಯನ್ನು ಕಟ್ಟಿಹಾಕಿ. ಒಬ್ಬರು ಯಾವಾಗಲೂ ಕೆಳಗೆ ಇರಲೇಬೇಕು. ಬೆಳಿಗ್ಗೆ ಇಬ್ಬನಿ ಆರುವವರೆಗೆ, ಸಂಜೆ ಗುಡುಗು ಕೇಳಿದ ಮೇಲೆ ಯಾರೂ ಮಾಡಿನ ಮೇಲಿರಬಾರದು.

ಶೀಟು ತರುವ ಮೊದಲು ಇನ್ನೊಂದು ವಿಷಯ, ಇದನ್ನು ಅಂಗಡಿಯವರು ಹೇಳುವುದು ಕಡಿಮೆ. ಮನೆಗೆ ಹಾಕಿದ ಗ್ಯಾಲ್ವಾಲ್ಯೂಮ್ ಶೀಟನ್ನೇ ಕೊಟ್ಟಿಗೆಗೂ ತರಬೇಡಿ. ಅದರ ಲೇಪದಲ್ಲಿ ನೂರಕ್ಕೆ 55 ಪಾಲು ಅಲ್ಯೂಮಿನಿಯಂ. ಗಂಜಲ, ಸೆಗಣಿಯಿಂದ ಏಳುವ ಅಮೋನಿಯ ಅದನ್ನು ಅಡಿಯಿಂದ ತಿನ್ನುತ್ತದೆ. ಕೊಟ್ಟಿಗೆಗೆ 275 ಜಿಎಸ್‌ಎಂ ಜಿಂಕ್ ಲೇಪದ ಜಿಐ ಶೀಟು ವಾಸಿ. ನೆತ್ತಿಯಲ್ಲಿ ಗಾಳಿ ಆಡಲು ಜಾಗ ಬಿಡಿಸಿ. ದನಕ್ಕೂ ಒಳ್ಳೆಯದು, ಶೀಟಿಗೂ ಒಳ್ಳೆಯದು.

ಮತ್ತೆ ಅಕ್ಕಾ, ಆಳು ಸಿಗುವುದಿಲ್ಲ ಅನ್ನುವ ಕಾರಣಕ್ಕೆ ಹತ್ತುವುದಾದರೆ ಒಂದು ವರ್ಷ ಕಾಯಿರಿ. ಮೂವತ್ತು ವರ್ಷ ನಿಂತ ಮಾಡಿಗೆ ಈ ಮಳೆಗಾಲ ಒಂದು ಟಾರ್ಪಾಲು ಹೊದಿಸಿದರೂ ನಡೆಯುತ್ತದೆ. ಅದನ್ನೂ ಮೇಲೆ ಹತ್ತದೆ, ಎರಡು ಬದಿಯಿಂದ ಹಗ್ಗ ಎಳೆದು ಹೊದಿಸಲಿ.

ಪ್ರಶ್ನೆ: ತೋಟದ ಪಕ್ಕದ ಶೆಡ್ಡಿನ ಶೀಟು ಎಂಟೇ ವರ್ಷಕ್ಕೆ ತೂತು ತೂತಾಗಿದೆ. ಮನೆಯ ಮೇಲೆ ಹಾಕಿದ ಅದೇ ಶೀಟು ಹೊಸದರ ಹಾಗಿದೆ. ಯಾಕೆ ಹೀಗೆ?
(ಬಾಳೆಹೊನ್ನೂರು ಕಡೆಯ ಓದುಗರು)

ಉತ್ತರ: ಶೆಡ್ಡಿನ ಮೇಲೆ ಅಡಿಕೆ ಮರದ ಸೋಗೆ ಬಾಗಿಕೊಂಡಿದೆ ಅಲ್ವಾ? ಹಾಗಿದ್ದರೆ ಕಾರಣ ಮೈಲುತುತ್ತ.

ಕೊಳೆ ರೋಗಕ್ಕೆ ನಾವೆಲ್ಲಾ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಮೈಲುತುತ್ತದಲ್ಲಿ ಇರುವುದು ತಾಮ್ರ. ತಾಮ್ರದ ನೀರು ಜಿಂಕಿನ ಮೇಲೆ ಬಿದ್ದರೆ ತಾಮ್ರ ಅಲ್ಲಿ ಕೂತು ಜಿಂಕ್ ಕರಗಿ ಹೋಗುತ್ತದೆ. ಜಿಂಕ್ ಹೋದ ಕಡೆ ಕಬ್ಬಿಣಕ್ಕೆ ತುಕ್ಕು. ಗೊನೆಗೆ ಹೊಡೆದಾಗ ಬಿದ್ದ ಹನಿ ಒಂದು ಕಡೆ. ಆಮೇಲೆ ಮಳೆ ಬಂದಾಗಲೆಲ್ಲಾ ಸೋಗೆ ತೊಳೆದು ಇಳಿಯುವ ನೀರು ಇನ್ನೊಂದು ಕಡೆ. ಸುಣ್ಣವೂ ಅಲ್ಯೂಮಿನಿಯಂ ಲೇಪಕ್ಕೆ ಆಗುವುದಿಲ್ಲ. ಶೀಟಿನ ಮೇಲೆ ನೀಲಿ ಹಸಿರು ಕಲೆ, ಅದರ ನಡುವೆ ಕಪ್ಪು ಚುಕ್ಕಿ ಕಂಡರೆ ಇದೇ ಅಂತ ಖಾತ್ರಿ. ಬಣ್ಣದ ಶೀಟು ಸ್ವಲ್ಪ ತಡೆಯುತ್ತದೆ, ಆದರೆ ಕತ್ತರಿಸಿದ ಅಂಚು, ಗೀರು, ಸ್ಕ್ರೂ ತಲೆ ಇವು ಮೊದಲು ಹೋಗುತ್ತವೆ.

ಔಷಧಿ ಹೊಡೆಯುವ ದಿನ ಮಾಡಿಗೆ ಪ್ಲಾಸ್ಟಿಕ್ ಹೊದಿಸಿ, ಮುಗಿದ ಮೇಲೆ ಕೆಳಗೆ ನಿಂತೇ ಪೈಪಿನಲ್ಲಿ ಧಾರಾಳ ನೀರು ಬಿಟ್ಟು ತೊಳೆಯಿರಿ. ಮಾಡಿನ ಮೇಲೆ ಬಾಗಿದ ಒಂದೆರಡು ಮರದ ಆಸೆ ಬಿಡಲು ಸಾಧ್ಯವೇ ನೋಡಿ. ಮರದ ಅಡಿಗೇ ಶೆಡ್ಡು ಬೇಕೇ ಬೇಕು ಅಂದರೆ ನಾನು ಮಂಗಳೂರು ಹಂಚನ್ನೇ ಹೇಳುತ್ತೇನೆ. ಶೀಟಿನ ಕೆಲಸ ಮಾಡುವವನು ಹೀಗೆ ಹೇಳುತ್ತಾನಲ್ಲ ಅನ್ನಬೇಡಿ, ಮಣ್ಣಿಗೆ ತಾಮ್ರ ಏನೂ ಮಾಡುವುದಿಲ್ಲ. ಸೋಲಾರ್ ಹೀಟರಿನ ತಾಮ್ರದ ಪೈಪಿನಿಂದ ತೊಟ್ಟಿಕ್ಕುವ ನೀರೂ ಶೀಟಿನ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ: ಕಬ್ಬಿಣದ ಮಾಡು ಸಿಡಿಲನ್ನು ಎಳೆಯುತ್ತದೆಯೇ?
(ಶಿವಮೊಗ್ಗದ ಓದುಗರು)

ಉತ್ತರ: ಇಲ್ಲ. ಆದರೆ ಬಿದ್ದ ಸಿಡಿಲಿಗೆ ನೆಲಕ್ಕೆ ಹೋಗಲು ದಾರಿ ಬೇಕು, ಅದಕ್ಕೆ ಚೌಕಟ್ಟನ್ನು ಅರ್ತ್ ಮಾಡಿಸಿ. ಸಿಡಿಲಿಗಿಂತ ನನ್ನನ್ನು ಕಾಡುವುದು ಕರೆಂಟು. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರನ್ನು ಪರ್ಲಿನ್ನಿಗೆ ಬಿಗಿದು ಕಟ್ಟಿರುತ್ತಾರೆ. ಗಾಳಿಗೆ ಉಜ್ಜಿ ಉಜ್ಜಿ ಮೇಲಿನ ರಬ್ಬರು ಸವೆದರೆ ಇಡೀ ಮಾಡಿಗೆ ಕರೆಂಟು ಬರುತ್ತದೆ. ವೈರು ಕಬ್ಬಿಣಕ್ಕೆ ತಾಗದ ಹಾಗೆ ಪಿವಿಸಿ ಪೈಪಿನೊಳಗೆ ತನ್ನಿ, ಮನೆಗೆ, ಕರೆಂಟು ಸೋರಿದ ಕೂಡಲೇ ತಾನೇ ಆಫ್ ಆಗುವ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ. ಶೀಟು ಮೇಲೇರಿಸುವ ದಿನ ಹತ್ತಿರ ಲೈನ್ ಇದ್ದರೆ ಮೆಸ್ಕಾಂನ ಸೆಕ್ಷನ್ ಆಫೀಸಿಗೆ ಮೊದಲೇ ಹೇಳಿ ಲೈನ್ ಆಫ್ ಮಾಡಿಸಿ. ಇಪ್ಪತ್ತಡಿ ಶೀಟನ್ನು ನೆಟ್ಟಗೆ ನಿಲ್ಲಿಸಿದಾಗ ಅದರ ತುದಿ ಎಲ್ಲಿಗೆ ಮುಟ್ಟುತ್ತದೆ ಅಂತ ಹಿಡಿದವನಿಗೆ ಕಾಣುವುದಿಲ್ಲ.

ಪ್ರಶ್ನೆ: ಅರ್ಧ ಮಾಡಿಗೆ ಶೀಟು ಆಗಿದೆ. ಮಳೆ ಶುರುವಾಗಿಬಿಟ್ಟರೆ ನಡುನಡುವೆ ಹೊಳವಾದಾಗ ಹತ್ತಿ ಮುಗಿಸಬಹುದೇ?
(ಎನ್.ಆರ್. ಪುರದ ಓದುಗರು)

ಉತ್ತರ: ಒದ್ದೆ ಶೀಟಿನ ಮೇಲೆ ಬರಿಗಾಲೂ ನಿಲ್ಲುವುದಿಲ್ಲ, ರಬ್ಬರ್ ಚಪ್ಪಲಿಯೂ ನಿಲ್ಲುವುದಿಲ್ಲ. ಈಗಲೇ ಮೂರು ಕೆಲಸ ಮಾಡಿ. ಹೊದಿಸಿ ಎರಡೆರಡೇ ಸ್ಕ್ರೂ ಹೊಡೆದು ಬಿಟ್ಟಿರುವ ಶೀಟು ಇದ್ದರೆ ಇವತ್ತೇ ಪೂರ್ತಿ ಬಿಗಿಯಿಸಿ, ಆಗದಿದ್ದರೆ ಕೆಳಗಿಳಿಸಿ. ಮಾಡಿನ ಮೇಲೆ ಸುಮ್ನೆ ಪೇರಿಸಿಟ್ಟ ಶೀಟು ಒಂದೂ ಇರಬಾರದು, ಮೊದಲ ಗಾಳಿಗೇ ಅದು ಕತ್ತಿಯ ಹಾಗೆ ಹಾರುತ್ತದೆ. ಕೆಳಗಿಳಿಸಿದ್ದನ್ನು ಜಗಲಿಯಲ್ಲಿ ಒಂದು ತುದಿ ಎತ್ತರ ಮಾಡಿ, ನಡುವೆ ಗಾಳಿ ಆಡುವ ಹಾಗೆ ರೀಪು ಕೊಟ್ಟು ಜೋಡಿಸಿ. ಕಟ್ಟಿನೊಳಗೆ ನೀರು ಹೋಗಿ ನಿಂತರೆ ಹದಿನೈದು ದಿನದಲ್ಲಿ ಬಿಳಿ ಪುಡಿ ಏಳುತ್ತದೆ. ಅದು ಜಿಂಕ್ ಕೊಳೆಯುವ ಗುರುತು.

ಆಮೇಲೆ ಹೊಳವಾದರೂ ಕೂಡಲೇ ಹತ್ತಬೇಡಿ. ಸೂರಿನಿಂದ ಹನಿ ಬೀಳುವುದು ಪೂರ್ತಿ ನಿಲ್ಲಲಿ, ಶೀಟಿನ ಮೇಲೆ ಕೈಯಿಟ್ಟರೆ ಬಿಸಿ ತಾಗಲಿ. ಬೆಲ್ಟ್ ಹಾಕಿಕೊಂಡು ಆಗ ಹತ್ತಿ.